ನೆಲವೊಬ್ಬರದು, ಮನೆಯೊಬ್ಬರದು



ಊರು ಬೆಳೆದಷ್ಟೂ ಊರಿನ ಕೆಲಸ ಮಾಡತಕ್ಕವರಿಗೆ ಅಲ್ಲಿ ನೆಲೆಯಿಲ್ಲದೆ ಹೋಗುವುದನ್ನು ಬೆಂಗಳೂರಿನಲ್ಲಿ ದಿನವೂ ಕಾಣುತ್ತಿದ್ದೇವೆ. ಬೀದಿ ಗುಡಿಸುವವಳು, ರೋಗಿಗಳ ಶುಶ್ರೂಷೆ ಮಾಡುವವಳು, ಮಕ್ಕಳಿಗೆ ಪಾಠ ಹೇಳುವವನು, ಇಂಥವರು ಹೊತ್ತು ಮೂಡುವ ಮುನ್ನವೇ ಹಲವು ಹರದಾರಿ ದೂರದಿಂದ ಹೊರಟುಬರಬೇಕಾಗಿದೆ. ಅನೇಕ ಬಡಾವಣೆಗಳಲ್ಲಿ ಇಟ್ಟಿಗೆ ಗಾರೆಗಳಿಗಿಂತ ಅಡಿಯ ನೆಲದ ಬೆಲೆಯೇ ಮಿಗಿಲಾಗಿರುವುದು ಇದಕ್ಕೆ ಮುಖ್ಯ ಕಾರಣವು.

ಅಮೆರಿಕಾದ ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ ಪಟ್ಟಣದವರು ಹೂಡಿದ ಉಪಾಯವು ಕೇಳತಕ್ಕದ್ದಾಗಿದೆ. 1984ರಲ್ಲಿ ಅಲ್ಲಿಯ ನಗರಸಭೆಯು 2 ಲಕ್ಷ ಡಾಲರು ಮೂಲಧನವಿತ್ತು ಒಂದು ಭೂನ್ಯಾಸದ ಸ್ಥಾಪನೆಗೆ ನೆರವಾಯಿತು. ನೆಲವು ಎಂದೆಂದಿಗೂ ನ್ಯಾಸದ್ದು. ಅದರ ಮೇಲಣ ಮನೆಯು ಮಾತ್ರ ಕೊಂಡವನದು. ನೆಲದ ಕ್ರಯವು ಬಿಟ್ಟುಹೋಗುವುದರಿಂದ ಮನೆಯು ಕೈಗೆಟಕುವುದು. ಮುಂದೆ ಮಾರುವಾಗ ಬೆಲೆ ಏರಿದ್ದರೆ, ಏರಿಕೆಯ ಕಾಲುಭಾಗವು ಮಾರುವವನಿಗೆ ಸಲ್ಲುವುದು. ಉಳಿದುದು ಮನೆಯಲ್ಲಿಯೇ ನಿಂತು, ಹಿಂದೆ ಬರುವ ಕುಟುಂಬಕ್ಕೆ ಬೆಲೆಯನ್ನು ತಗ್ಗಿಸುವುದು. ಕಾಲುಭಾಗವೇ ಏಕೆಂದು ಕೇಳುವವರುಂಟು, ನಾನೂ ಕೇಳಿದ್ದೆನು. ಬಾಡಿಗೆಯ ಮನೆಯಲ್ಲಿದ್ದವನಿಗೆ ಅದೂ ದೊರೆಯುತ್ತಿರಲಿಲ್ಲವಷ್ಟೆ!

ಈ ಏರ್ಪಾಡಿನ ಮೂಲಪುರುಷರು 1969ರಲ್ಲಿ ಜಾರ್ಜಿಯಾದಲ್ಲಿ ಮೊದಲನೆಯ ನ್ಯಾಸವನ್ನು ಕಟ್ಟುವಾಗ ವಿನೋಬಾರವರ ಗ್ರಾಮದಾನದಿಂದಲೂ ಪ್ರೇರಣೆ ಪಡೆದಿದ್ದರು. ಇಲ್ಲಿ ಬಿತ್ತಿದ ಬೀಜವು ಸಮುದ್ರದಾಚೆ ಫಲಿಸಿತೆನ್ನಬಹುದು.

ಪಟ್ಟಣದಲ್ಲಿ ನಿವೇಶನವುಳ್ಳ ಭಕ್ತರು ಈ ಸಭೆಯಲ್ಲಿ ಅನೇಕರಿದ್ದೀರಿ. ಒಂದು ನಿವೇಶನವನ್ನಾದರೂ ಮಾರದೆ ಇಂತಹ ನ್ಯಾಸಕ್ಕೆ ಬಿಟ್ಟುಕೊಡುವ ವಿಚಾರವನ್ನು ಈ ಮಹೋತ್ಸವವು ಮುಗಿಯುವುದರೊಳಗೆ ಮನೆಯವರೊಡನೆ ಕುಳಿತು ಆಲೋಚಿಸಬೇಕೆಂದು ಬೇಡುತ್ತೇನೆ.