ಗಿಟಾರಿನ ಗುಂಯ್‌ಗುಡಿಕೆ



ತಂತಿ ಮೀಟುವ ಮೊದಲೇ ಆಂಪ್ಲಿಫೈಯರು ಗುಂಯ್ ಎನ್ನುತ್ತದೆಂದು ನಮ್ಮ ವಾದ್ಯವೃಂದದ ಹುಡುಗರ ದೂರು. ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೇ ಸಿಕ್ಕಿಸಿ ನೋಡೋಣ. ಆಗ ಸದ್ದು ಅಡಗಿ, ನಡುವೆ ಎಫೆಕ್ಟ್ಸ್ ಪ್ರೊಸೆಸರ್ ಬಂದೊಡನೆ ಮರಳಿದರೆ ಕಳ್ಳ ಸಿಕ್ಕಿದಂತೆಯೇ. ಎರಡಕ್ಕೂ ಮೂರು ಕಡ್ಡಿಯ ಪ್ಲಗ್ಗಿದ್ದರೆ ಎರಡೂ ಬೇರೆ ಬೇರೆಯಾಗಿ ಭೂಮಿಗೆ ಸೇರಿವೆ. ನಡುವಣ ಕೇಬಲಿನ ಹೊರಜಾಲರಿಯೂ ಅವನ್ನು ಸೇರಿಸಿದೆ. ಹೀಗೆ ಒಂದು ಬಳೆಯಾಯಿತು. ಆ ಬಳೆಯಲ್ಲಿ ಸುತ್ತುವ, ಸೆಕೆಂಡಿಗೆ 50 ಆವರ್ತದ ಕರೆಂಟೇ ಈ ಸದ್ದು. ತಂತಿ ಮುಟ್ಟಿದಾಗ ಸದ್ದು ತಗ್ಗುವುದಾದರೆ ಕಾರಣ ಬೇರೆ. ಆ ಮಾತು ಇನ್ನೊಮ್ಮೆ.

ಎರಡನ್ನೂ ಒಂದೇ ಬೋರ್ಡಿಗೆ ಹಾಕಿರಿ. ಎಷ್ಟೋ ಸಲ ಜಗಳ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕೇಬಲಿನ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಡಬೇಕು: ನಾದ ದಾಟುತ್ತದೆ, ಬಳೆ ಒಡೆಯುತ್ತದೆ.

ಪ್ಲಗ್ಗಿನ ದಪ್ಪ ಕಡ್ಡಿಯ ವೈರು ಕತ್ತರಿಸಿದರೂ ಸದ್ದು ನಿಲ್ಲುತ್ತದೆ, ನಿಜ. ಅದಕ್ಕೆ ನಾವು ಒಪ್ಪುವವರಲ್ಲ. ಒಳಗಿನ ವೈರೊಂದು ಹೊದಿಕೆ ಕಳಚಿ ತಗಡಿಗೆ ತಾಗಿದರೆ 230 ವೋಲ್ಟು ಗಿಟಾರಿನ ತಂತಿಗೇ ಬಂದೀತು. 1972ರಲ್ಲಿ ವೇಲ್ಸಿನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ತಿಂಗ್ ಸರಿಯಿಲ್ಲದ ಮೈಕು ಮುಟ್ಟಿ ವೇದಿಕೆಯಲ್ಲೇ ಶಾಕ್ ತಗುಲಿ ತೀರಿಕೊಂಡರು. ಸಂಘದ ಆಂಪ್ಲಿಫೈಯರಿನ ಆ ಕಡ್ಡಿಗೆ ಯಾರೂ ಕೈಹಾಕತಕ್ಕದ್ದಲ್ಲ.