ಹಿತ್ತಲಿಗೆ ನಾಲ್ಕು ಜವಾರಿ ಬೀಜ

(ಒಳರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಆಸ್ಪತ್ರೆಯಿಂದ ಮನೆಗೆ ಹೋಗುವ ದಿನ ವೈದ್ಯರು ಗುಳಿಗೆಗಳ ಚೀಟಿ ಕೊಡುತ್ತಾರೆ. ಅದರ ಜೊತೆಗೆ ಬಾಯಿಮಾತಿನಲ್ಲಿ, "ಕಾಯಿಪಲ್ಯ, ತಪ್ಪಲು ಪಲ್ಯ ಹೆಚ್ಚು ತಿನ್ನಿರಿ" ಎಂದೂ ಹೇಳುತ್ತಾರೆ. ಗುಳಿಗೆ ಅಂಗಡಿಯಲ್ಲಿ ಸಿಗುತ್ತದೆ. ಪಲ್ಯ ಎಲ್ಲಿಂದ ಬರಬೇಕು? ವಾರಕ್ಕೊಮ್ಮೆ ಸಂತೆ. ತಂದದ್ದು ಎರಡು ದಿನ ತಾಜಾ ಇರುತ್ತದೆ, ಮೂರನೆಯ ದಿನ ಬಾಡುತ್ತದೆ, ಉಳಿದ ದಿನಗಳಲ್ಲಿ ರೊಟ್ಟಿಗೆ ಹಿಂಡಿಯೇ ಗತಿ. ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ಅದು ದಿನಕ್ಕೆ ಎರಡು ಕಿಲೋ ಆಯಿತು. ಅಷ್ಟನ್ನೂ ಕೊಂಡು ತಿನ್ನುವುದು ದುಡಿದು ತಿನ್ನುವವರಿಗೆ ಸುಲಭವಲ್ಲ. ಆದ್ದರಿಂದಲೇ ಇಂದು ಹಿತ್ತಲಿನ ವಿಷಯ ಮಾತನಾಡೋಣ. ಅದರಲ್ಲೂ ಯಾವ ಬೀಜ ಆರಿಸಬೇಕು, ನಮ್ಮ ಜವಾರಿ ತಳಿಗಳನ್ನು ಏಕೆ ಉಳಿಸಿಕೊಳ್ಳಬೇಕು ಎಂಬುದನ್ನು ನೋಡೋಣ.

ನೂರಾ ಎಂಟರ ಲೆಕ್ಕ

ಬಾದಾಮಿಯ ಬನಶಂಕರಿ ಜಾತ್ರೆ ತಮಗೆಲ್ಲ ಗೊತ್ತು. ಬನಶಂಕರಿಗೆ ಶಾಕಾಂಬರಿ ಎಂಬ ಹೆಸರೂ ಇದೆ. ಶಾಕ ಎಂದರೆ ಕಾಯಿಪಲ್ಯ. ಪುಷ್ಯ ಮಾಸದ ಬನದ ಹುಣ್ಣಿಮೆಯ ಸುತ್ತಿನಲ್ಲಿ ನಡೆಯುವ ಪಲ್ಯದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯದ ಅಡಿಗೆಯನ್ನು ನೈವೇದ್ಯ ಮಾಡುವ ಪದ್ಧತಿ ಇದೆ. ಭಕ್ತಿಯ ಮಾತು ಒಂದು ಕಡೆ ಇರಲಿ, ಲೆಕ್ಕದ ಮಾತು ನೋಡಿರಿ. ಮಳೆ ಕಡಿಮೆ ಇರುವ ಈ ಬಯಲುಸೀಮೆಯಲ್ಲಿ ನೂರಾ ಎಂಟು ಬಗೆ ಹೊಂದಿಸಬಹುದು ಎಂದು ನಮ್ಮ ಹಿರಿಯರು ಧೈರ್ಯದಿಂದ ನಂಬಿದ್ದರು.

ಈಗ ನೀವು ಕುಳಿತಲ್ಲಿಯೇ ಬೆರಳು ಮಡಚಿ ಎಣಿಸಿರಿ. ಕಳೆದ ಒಂದು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಬಗೆ ಕಾಯಿಪಲ್ಯ ಬೇಯಿಸಿದ್ದೀರಿ? ಬದನಿಕಾಯಿ, ಬೆಂಡಿಕಾಯಿ, ಟೊಮ್ಯಾಟೊ, ಬಟಾಟಿ, ಉಳ್ಳಾಗಡ್ಡಿ, ಕೋಬಿಜ, ಮೆಂತೆ... ಅಲ್ಲಿಗೆ ಅನೇಕರ ಬೆರಳು ನಿಲ್ಲುತ್ತದೆ. ಪಕ್ಕದಲ್ಲಿ ಅಜ್ಜಿ ಇದ್ದರೆ ಕೇಳಿರಿ, ಅವರು ಮುಂದುವರಿಸುತ್ತಾರೆ: ಪುಂಡಿ ಪಲ್ಯ, ರಾಜಗಿರಿ, ಕಿರಕಸಾಲಿ, ಹಕ್ಕರಕಿ, ಗೋಳಿ, ಕುಸುಬಿ ತಪ್ಪಲು, ಕಡಲಿ ತಪ್ಪಲು, ಸಬ್ಬಸಗಿ, ತುಪ್ಪದ ಹೀರಿಕಾಯಿ, ಪಡವಲಕಾಯಿ, ಚವಳಿಕಾಯಿ, ಅವರಿ, ಅಲಸಂದಿ, ಜವಾರಿ ಸೌತಿ, ಗಜ್ಜರಿ. ಇವೆಲ್ಲ ಅಪರೂಪದವಾದದ್ದು ಈಚೆಗೆ. ಅಜ್ಜಿಗೆ ಇವು ದಿನದ ಊಟ.

ಬೀಜ ಹೇಗೆ ಕೈಬಿಟ್ಟಿತು?

ಇದರಲ್ಲಿ ಯಾರದೂ ತಪ್ಪಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆಗೆ ಮನೆ ಸಿಕ್ಕಿತು. ಬಾವಿ, ತಿಪ್ಪಿ, ಬಳ್ಳಿ ಚಪ್ಪರ ಇದ್ದ ಹಳೆಯ ಹಿತ್ತಲು ಸಿಗಲಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ಭಾಗದ ಹೊಳೆದಂಡೆಯ ಮನೆಗಳಲ್ಲಿ ಕಾಳುಕಡಿಯೆಲ್ಲ ನೀರುಪಾಲಾಯಿತು. ಗಡಿಗೆಯಲ್ಲಿದ್ದ ಬೀಜ ಒಮ್ಮೆ ಹೋದರೆ ಅಂಗಡಿಯ ಪ್ಯಾಕೆಟ್ಟೇ ಗತಿಯಾಗುತ್ತದೆ. ಪ್ಯಾಕೆಟ್ಟಿನಲ್ಲಿ ಸಿಗುವುದು ಸಂತೆಗೆ ಸಾಗಿಸಲು, ಒಂದೇ ಅಳತೆಯಲ್ಲಿ ಕಾಣಲು ಬೆಳೆಸಿದ ತಳಿ. ಅಜ್ಜಿಯ ಬಳ್ಳಿ ಅದರಲ್ಲಿ ಬರುವುದಿಲ್ಲ.

ಆದರೆ ಆ ಬೀಜಗಳ ಬೆಲೆ ಬಲ್ಲವರು ಬಲ್ಲರು. ಕುಲಾಂತರಿ ಬಿ.ಟಿ. ಬದನೆ ತಯಾರಿಸುವಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಕುಡಚಿ, ಮಲಾಪುರ, ಉಡುಪಿ ಬದನೆಗಳ ಜೊತೆಗೆ ನಮ್ಮದೇ ಜಿಲ್ಲೆಯ ರಬಕವಿ ಬದನೆಯೂ ಇತ್ತು. ದೇಶದಲ್ಲೆಲ್ಲ ಚರ್ಚೆಯಾಗಿ, 2010ರ ಫೆಬ್ರುವರಿ 9ರಂದು ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರು ಬಿ.ಟಿ. ಬದನೆಗೆ ತಡೆ ಹಾಕಿದರು. ಆ ವಾದದಲ್ಲಿ ಯಾರು ಸರಿ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ದೊಡ್ಡ ಪ್ರಯೋಗಶಾಲೆಯವರು ಕೂಡ ಮೂಲಕ್ಕಾಗಿ ಹಳ್ಳಿಯ ಬದನಿ ಗಿಡವನ್ನೇ ಹುಡುಕಿಕೊಂಡು ಬಂದರು ಎಂಬುದನ್ನು ಗಮನಿಸಿರಿ. 2011ರಲ್ಲಿ ಉಡುಪಿಯ ಮಟ್ಟು ಗುಳ್ಳಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರು ಹೊತ್ತ ತಳಿಗೆ ಮಾನ ಇದೆ.

ಜವಾರಿಯೇ ಔಷಧವೇ?

ಅನೇಕರು ಕೇಳುತ್ತಾರೆ, "ಜವಾರಿ ತಿಂದ್ರ ಸಕ್ಕರಿ ಬ್ಯಾನಿ ಹೋಗತದೇನ್ರಿ?" ಹೋಗುವುದಿಲ್ಲ. ಜವಾರಿ ಬದನಿಕಾಯಿ ಔಷಧವಲ್ಲ, ಹೈಬ್ರಿಡ್ ಬದನಿಕಾಯಿ ವಿಷವೂ ಅಲ್ಲ. ಹಿತ್ತಲಿನ ಲಾಭ ಬೇರೆ ರೀತಿಯದು. ಕಿತ್ತ ಗಳಿಗೆಯಲ್ಲಿ ಬೇಯಿಸುವುದರಿಂದ ತಾಜಾತನ ಇರುತ್ತದೆ. ಏನು ಸಿಂಪಡಿಸಿದ್ದೀರಿ ಎಂಬುದು ನಿಮಗೇ ಗೊತ್ತಿರುತ್ತದೆ. ಬಗೆಬಗೆಯ ಬಣ್ಣದ ಪಲ್ಯ ಹೊಟ್ಟೆಗೆ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ರುಚಿ ಇದ್ದರೆ ಮಕ್ಕಳೂ ಮುದುಕರೂ ಕೇಳಿ ಹಾಕಿಸಿಕೊಳ್ಳುತ್ತಾರೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ರಾಜಗಿರಿ, ಪುಂಡಿಯಂಥ ತಪ್ಪಲು ಪಲ್ಯದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಹತ್ತಲು ಅನುಕೂಲ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ಆದರೆ ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆ ಬಿಡಬಾರದು.

ಯಾವುದನ್ನು ಆರಿಸಬೇಕು?

ಹತ್ತು ಬಗೆ ಒಮ್ಮೆಲೇ ಬೇಡ. ಮೊದಲ ವರ್ಷ ನಾಲ್ಕು ಸಾಕು: ಒಂದು ತಪ್ಪಲು, ಒಂದು ಬಳ್ಳಿ, ಒಂದು ಕಾಳು, ಒಂದು ಕಾಯಿ.

ತಪ್ಪಲಿಗೆ ರಾಜಗಿರಿ ಇಲ್ಲವೆ ಪುಂಡಿ. ರಾಜಗಿರಿಯನ್ನು ಮೂರು-ನಾಲ್ಕು ವಾರದಲ್ಲಿ ಕೊಯ್ಯಬಹುದು; ಪುಂಡಿ ಬಿಸಿಲು ತಡೆಯುತ್ತದೆ. ಸಬ್ಬಸಗಿ, ಮೆಂತೆ, ಗಜ್ಜರಿಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿರಿ.

ಬಳ್ಳಿಗೆ ಹೀರಿಕಾಯಿ ಅಥವಾ ತುಪ್ಪದ ಹೀರಿಕಾಯಿ. ಮಿರಗದ ಮಳೆಗೆ ಬೀಜ ಊರಿದರೆ ಗೋಡೆ, ಬೇಲಿ, ತಗಡಿನ ಮೇಲೆ ತಾನೇ ಹಬ್ಬುತ್ತದೆ. ಜಾಗ ಇಲ್ಲದವರಿಗೆ ಇದೇ ಉತ್ತಮ, ಬೇರಿಗೆ ಒಂದು ಹಳೆಯ ಬುಟ್ಟಿಯಷ್ಟು ಮಣ್ಣಿದ್ದರೆ ಸಾಕು.

ಕಾಳಿಗೆ ಅಲಸಂದಿ ಅಥವಾ ಚವಳಿಕಾಯಿ. ಇವು ನೀರು ಕಡಿಮೆ ಬೇಡುತ್ತವೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಸಾರ ಕೊಡುತ್ತವೆ.

ಕಾಯಿಗೆ ಎಣಗಾಯಿ ಮಾಡುವ ಸಣ್ಣ ಜವಾರಿ ಬದನಿ. ಬಾದಾಮಿಯ ಕಡೆಯ ಮಸಾರಿ ಮಣ್ಣಿನವರು ಗೊಬ್ಬರ ಹೆಚ್ಚು ಹಾಕಿರಿ, ನೀರು ಬೇಗ ಇಂಗುತ್ತದೆ. ಹುನಗುಂದದ ಎರಿ ಮಣ್ಣಿನವರು ಮಡಿಯನ್ನು ಸ್ವಲ್ಪ ಎತ್ತರಿಸಿರಿ, ಮಳೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಮನೆಯವರಿಗೆ ಹಿತ್ತಲೇ ಇಲ್ಲದಿದ್ದರೆ ಮಾಳಿಗೆಯ ಮೇಲೆ ಹಳೆಯ ಚೀಲ, ಒಡೆದ ಕೊಡ ಸಾಕು. ತಳಕ್ಕೆ ತೂತು ಇರಲಿ.

ಬೆಂಡಿಕಾಯಿಗೆ ಹಳದಿ ರೋಗದ ಕಾಟ ಬಹಳ. ಅದಕ್ಕೆ ಜವಾರಿಯೇ ಬೇಕೆಂದು ಹಟ ಬೇಡ. ಬೆಂಗಳೂರು ಹೆಸರಘಟ್ಟದ ಸಂಸ್ಥೆಯವರು ಆ ರೋಗ ತಡೆಯಲೆಂದೇ ಹೊರತಂದ ಅರ್ಕಾ ಅನಾಮಿಕಾದಂಥ ಸುಧಾರಿತ ತಳಿ ಹಾಕಿರಿ. ಅದು ಹೈಬ್ರಿಡ್ ಅಲ್ಲ, ಆದ್ದರಿಂದ ಅದರ ಬೀಜವನ್ನೂ ಮನೆಯಲ್ಲಿ ಹಿಡಿಯಬಹುದು.

ಪಾತ್ರೆ ತೊಳೆದ ನೀರು, ಅಕ್ಕಿ-ಬೇಳೆ ತೊಳೆದ ನೀರು ಗಿಡದ ಬುಡಕ್ಕೆ ಹೋಗಲಿ. ಗಟಾರದ ನೀರು ಬೇಡವೇ ಬೇಡ. ಹಸಿಯಾಗಿ ಪಚಡಿ ಮಾಡಿ ತಿನ್ನುವ ಹಕ್ಕರಕಿ, ಮೆಂತೆ, ಮೂಲಂಗಿಗಳಿಗೆ ಹೊಲಸು ನೀರು ತಗಲಿದರೆ ಹೊಟ್ಟೆಯ ಬೇನೆ ಕಟ್ಟಿಟ್ಟದ್ದು.

ಕಹಿ ಸೋರೆಕಾಯಿಯ ಎಚ್ಚರಿಕೆ

ಈ ಮಾತನ್ನು ಮನೆಯ ಎಲ್ಲರಿಗೂ ಹೇಳಿರಿ. ಸೋರೆ (ಹಾಲಗುಂಬಳ), ಸೌತಿ, ಹೀರಿ ಇವೆಲ್ಲ ಒಂದೇ ಕುಟುಂಬದವು. ಈ ಕುಟುಂಬದ ಕಾಡು ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಿರುತ್ತದೆ. ಜೇನುನೊಣ ಕಹಿ ಸೋರೆಯ ಹೂವಿನಿಂದ ನಿಮ್ಮ ಸಿಹಿ ಸೋರೆಯ ಹೂವಿಗೆ ಪರಾಗ ತಂದರೆ ಈ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ. ಆದರೆ ಅದರ ಬೀಜದಿಂದ ಮುಂದಿನ ವರ್ಷ ಬರುವ ಬಳ್ಳಿಯಲ್ಲಿ ಕಹಿ ಬರಬಹುದು. ಕಾಯಿ ನೋಡಲು ಒಂದೇ ತರಹ ಇರುತ್ತದೆ.

2010ರಲ್ಲಿ ದೆಹಲಿಯಲ್ಲಿ ಸೋರೆಕಾಯಿ ರಸ ಕುಡಿದವರೊಬ್ಬರು ತೀರಿಕೊಂಡ ನಂತರ ಈ ವಿಷಯ ದೊಡ್ಡ ಸುದ್ದಿಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಿತು. ಸಮಿತಿಯ ಸಲಹೆ ಸರಳವಾದದ್ದು. ಹೆಚ್ಚುವ ಮೊದಲು ಒಂದು ಸಣ್ಣ ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗುಳಿ ಇಡೀ ಕಾಯಿಯನ್ನು ಎಸೆಯಬೇಕು. ಕಹಿ ರಸ ಕುಡಿಯಲೇಬಾರದು. ಬೇಯಿಸಿದರೂ ಆ ವಿಷ ಹೋಗುತ್ತದೆ ಎಂದು ನಂಬಬೇಡಿರಿ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂಡ್ರದೆ ಕೂಡಲೇ ಆಸ್ಪತ್ರೆಗೆ ಬನ್ನಿರಿ. ರಕ್ತವಾಂತಿಯಾಗಬಹುದು, ರಕ್ತದೊತ್ತಡ ಕುಸಿಯಬಹುದು. ಈ ವಿಷಕ್ಕೆ ಪ್ರತ್ಯೇಕ ಮದ್ದು ಇಲ್ಲ, ಬೇಗ ಬಂದರೆ ಸಲೈನ್ ಮುಂತಾದ ಉಪಚಾರದಿಂದ ಉಳಿಸಬಹುದು. ಕಹಿ ಬಂದ ಬಳ್ಳಿಯನ್ನು ಬೇರುಸಹಿತ ಕಿತ್ತುಹಾಕಿರಿ, ಅದರ ಬೀಜ ಯಾರಿಗೂ ಕೊಡಬೇಡಿರಿ.

ಹಾಗಲಕಾಯಿಯ ಕಹಿ ಬೇರೆ, ಅದು ಅದರ ಸಹಜ ಗುಣ. ಪಲ್ಯ ಮಾಡಿ ತಿನ್ನಿರಿ. ಆದರೆ ಹಾಗಲ ರಸ ಕುಡಿಯುತ್ತೇನೆಂದು ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ಬಿಟ್ಟು ಅಪಾಯ ತಂದುಕೊಳ್ಳಬೇಡಿರಿ.

ಇವರು ವೈದ್ಯರನ್ನು ಕೇಳಿ ತಿನ್ನಬೇಕು

ಮೂತ್ರಪಿಂಡದ ತೊಂದರೆ ಇರುವವರಿಗೆ ತಪ್ಪಲು ಪಲ್ಯದ ಪೊಟ್ಯಾಸಿಯಂ ಹೆಚ್ಚಾಗಬಹುದು. ಕಲ್ಲಿನ ತೊಂದರೆ ಇರುವವರು ಆಕ್ಸಲೇಟ್ ಹೆಚ್ಚಿರುವ ರಾಜಗಿರಿ, ಪಾಲಕ, ಗೋಳಿ ಪಲ್ಯವನ್ನು ಮಿತಿಯಲ್ಲಿ ತಿನ್ನಬೇಕು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಗುಳಿಗೆ ನುಂಗುವವರು ಒಂದು ವಾರ ತಪ್ಪಲು ಪಲ್ಯವೇ ಇಲ್ಲದೆ, ಇನ್ನೊಂದು ವಾರ ದಿನವೂ ಬಟ್ಟಲು ತುಂಬ ತಿಂದರೆ ಗುಳಿಗೆಯ ಲೆಕ್ಕ ತಪ್ಪುತ್ತದೆ. ದಿನವೂ ಒಂದೇ ಅಳತೆ ಇರಲಿ, ಅಳತೆಯನ್ನು ವೈದ್ಯರಿಗೆ ತಿಳಿಸಿರಿ.

ಬೀಜ ಹಿಡಿಯುವ ಬಗೆ

ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಮುಂದಿನ ವರ್ಷ ತಾಯಿಯಂತೆ ಬರುವುದಿಲ್ಲ, ಗಿಡಕ್ಕೊಂದು ತರಹ ಬರುತ್ತದೆ. ಜವಾರಿ ಬೀಜ ಹಾಗಲ್ಲ, ಸರಿಯಾಗಿ ಹಿಡಿದರೆ ಮೊಮ್ಮಕ್ಕಳವರೆಗೆ ಬರುತ್ತದೆ.

ಅಲಸಂದಿ, ಅವರಿ, ಚವಳಿಗಳದ್ದು ಸುಲಭ. ಕಾಯಿ ಗಿಡದಲ್ಲಿಯೇ ಒಣಗಲಿ. ಬದನಿಕಾಯಿ ಹಳದಿಗೆ ತಿರುಗುವವರೆಗೆ ಗಿಡದಲ್ಲಿರಲಿ, ನಂತರ ಬೀಜ ಹಿಂಡಿ ತೊಳೆದು ನೆರಳಿನಲ್ಲಿ ಒಣಗಿಸಿರಿ. ಹೀರಿಕಾಯಿ ಒಣಗಿ ಗಲಗಲ ಎನ್ನಬೇಕು. ಬಳ್ಳಿಗಳು ಬೇಗ ಬೆರಕೆಯಾಗುತ್ತವೆ. ಬೀಜಕ್ಕೆ ಬೇಕಾದ ಹೆಣ್ಣು ಹೂವಿಗೆ ಅರಳುವ ಮುನ್ನಾದಿನವೇ ತೆಳು ಬಟ್ಟೆ ಕಟ್ಟಿರಿ. ಅರಳಿದಾಗ ಹಾಗೆಯೇ ಕಟ್ಟಿಟ್ಟಿದ್ದ ಗಂಡು ಹೂವನ್ನು ಅದಕ್ಕೆ ತಾಗಿಸಿ ಮತ್ತೆ ಕಟ್ಟಿರಿ. ತಿಂದು ಉಳಿದ ಮುರುಟು ಕಾಯಿಯನ್ನು ಬೀಜಕ್ಕೆ ಬಿಡಬೇಡಿ. ರೋಗವಿಲ್ಲದ ಒಳ್ಳೆಯ ಗಿಡದ ಒಳ್ಳೆಯ ಕಾಯಿಗೆ ದಾರ ಕಟ್ಟಿ, "ಇದು ಬೀಜಕ್ಕೆ" ಎಂದು ಮನೆಯವರಿಗೆ ಹೇಳಿಡಿರಿ.

ಚೆನ್ನಾಗಿ ಒಣಗಿದ ಬೀಜಕ್ಕೆ ಬೂದಿ ಬೆರೆಸಿ, ಒಣ ಬೇವಿನ ತಪ್ಪಲು ಹಾಕಿ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿರಿ. ಹೆಸರು, ವರ್ಷ ಬರೆದಿಡಿರಿ. ಬಿತ್ತುವ ಮುನ್ನ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿರಿ. ಹತ್ತಕ್ಕಿಂತ ಕಡಿಮೆ ಮೊಳೆತರೆ ಎರಡು ಪಟ್ಟು ಬಿತ್ತಿರಿ. ಕಾಳಿಗೆ ಹುಳ ಹತ್ತದಂತೆ ಇಡುವ ವಿಷದ ಗುಳಿಗೆಯನ್ನು ಮಲಗುವ ಮನೆಯೊಳಗೆ ತರಲೇಬೇಡಿರಿ, ಅದರ ಗಾಳಿಯೇ ಜೀವ ತೆಗೆಯುತ್ತದೆ. ಅಂಗಡಿಯಿಂದ ತಂದ ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಬೆರೆಸಿರುತ್ತಾರೆ. ಉಳಿದರೆ ಅಡಿಗೆಗೆ ಹಾಕಬಾರದು, ಮಕ್ಕಳ ಕೈಗೆ ಸಿಗಬಾರದು.

ಬೀಜ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಊರಿನ ಹಿರಿಯ ಹೆಣ್ಣುಮಕ್ಕಳನ್ನೇ ಕೇಳಿರಿ. ಒಂದು ಹಿಡಿ ಅವರಿ ಕೊಟ್ಟು ಒಂದು ಚಿಟಿಕೆ ರಾಜಗಿರಿ ತನ್ನಿರಿ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿ ಸಲಹೆ ಕೇಳಬಹುದು. ರೈತರು ತಾವು ಬೆಳೆದ ಬೀಜವನ್ನು ಕೂಡಿಡಲು, ಬಿತ್ತಲು, ಹಂಚಿಕೊಳ್ಳಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಹಕ್ಕು ಕೊಟ್ಟಿದೆ. ಹೆದರುವ ಕಾರಣವಿಲ್ಲ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿದರು. 2025ರಲ್ಲಿ ಆ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರೂ ನಮ್ಮ ನಿಮ್ಮಂಥ ಹಳ್ಳಿಯ ಹೆಣ್ಣುಮಕ್ಕಳೇ. ಧಾನ್ಯಕ್ಕೆ ಅವರು ಮಾಡಿದ್ದನ್ನು ಕಾಯಿಪಲ್ಯಕ್ಕೆ ನಮ್ಮ ಓಣಿಯ ಸಂಘಗಳು ಏಕೆ ಮಾಡಬಾರದು?

ವಾರ್ಡಿನಲ್ಲಿ ರೋಗಿಯ ಪಕ್ಕ ಕುಳಿತವರಿಗೆ ಹೊತ್ತು ಹೋಗುವುದು ಕಷ್ಟ. ಇಂದು ಸಂಜೆ ಪಕ್ಕದ ಮಂಚದ ಅಜ್ಜಿಯನ್ನು ಒಂದು ಮಾತು ಕೇಳಿರಿ: "ಯವ್ವಾ, ನಿಮ್ಮೂರಾಗ ಮೊದಲ ಯಾವ ಯಾವ ಪಲ್ಯ ಮಾಡತಿದ್ರಿ? ಬೀಜ ಅದಾವೇನು?" ಅವರು ಹೇಳಿದ ಹೆಸರುಗಳನ್ನು ಈ ಪುಸ್ತಿಕೆಯ ಹಿಂಬದಿಯ ಖಾಲಿ ಜಾಗದಲ್ಲಿ ಬರೆದುಕೊಳ್ಳಿರಿ. ಮನೆಗೆ ಹೋದ ಮೇಲೆ ಅವುಗಳಲ್ಲಿ ಒಂದನ್ನಾದರೂ ಹುಡುಕಿ ಊರಿರಿ.

ತಮ್ಮ ರೋಗಿಗಳು ಬೇಗ ಗುಣಮುಖರಾಗಲಿ, ತಮ್ಮ ಹಿತ್ತಲು ಹಸಿರಾಗಿರಲಿ. ಶರಣು.