ಒಬ್ಬಳೇ ಹೊರಟ ಮಗಳು

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಮಠಕ್ಕೆ ಬಂದು, "ಬುದ್ಧಿ, ಆ ಗದ್ದಲ ಸಾಕಾಗಿದೆ. ಒಬ್ಬಳೇ ಗೋಕರ್ಣಕ್ಕೆ ಹೋಗಬೇಕು, ಅಪ್ಪ ಒಪ್ಪುತ್ತಿಲ್ಲ" ಎಂದಳು. ಹೋಗಿ ಬಾ ತಾಯಿ ಎಂದೆವು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದ ಅಕ್ಕನ ಜೊತೆಗೆ ಯಾರಿದ್ದರು? ಈಗಲಾದರೋ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಕರಾವಳಿ.

ರಾವಣನ ಕಥೆ ನಿಮಗೆ ಗೊತ್ತು. ಗೋಕರ್ಣದಲ್ಲಿ ನೆಲ ಮುಟ್ಟಿದ ಲಿಂಗವನ್ನು ಅವನಿಂದ ಮತ್ತೆ ಎತ್ತಲಾಗಲಿಲ್ಲವಂತೆ. ನಮ್ಮ ಇಷ್ಟಲಿಂಗ ನೆಲಕ್ಕಿಡುವುದಲ್ಲ, ಮೈಮೇಲೆ ಇರುವುದು, ಹೋದಲ್ಲಿಗೆ ಬರುವುದು. ಕುಡ್ಲೆಯ ತೀರದಲ್ಲಿ ಅದನ್ನು ಅಂಗೈಗೆ ತಂದುಕೊಂಡು ಕೂತುಕೋ, ಫೋನು ಚೀಲದಲ್ಲಿರಲಿ ಎಂದೆವು. "ಅದೇ ಕಷ್ಟ, ಬುದ್ಧಿ" ಎಂದು ನಕ್ಕಳು. ಗದ್ದಲ ಬೆಂಗಳೂರಿನದೊಂದೇ ಅಲ್ಲವೆಂದು ಅವಳಿಗೂ ಗೊತ್ತಿತ್ತು. ತಲುಪಿದೊಡನೆ ಅಪ್ಪನಿಗೆ ತಿಳಿಸು, ಮಳೆಗಾಲದ ಕಡಲಿಗೆ ಇಳಿಯಬೇಡವೆಂದು ಹೇಳಿ ಪ್ರಸಾದ ಕೊಟ್ಟು ಕಳಿಸಿದೆವು.